ಗುಂಡನ ಉಸಿರಿನ ಸದ್ದು ಮೂರನೇ ಸಲ ಶುರುವಾಗಿದೆ, ಏನು ಮಾಡಲಿ?

ಪೆರ್ಲದ ಅಕ್ಕ (12 ಜುಲೈ 2025, ರಾತ್ರಿ 11.20)

ನಮ್ಮ ಮನೆಯಲ್ಲಿ ಒಂದು ಬಾಲ್ ಪೈಥಾನ್, ಅಂದರೆ ಆಫ್ರಿಕಾದ ಸಣ್ಣ ಹೆಬ್ಬಾವು ಉಂಟು. ಗಂಡು, ಆರು ವರ್ಷ. ಹೆಸರು ಗುಂಡ. ಹೆದರಿದರೆ ತಲೆಯನ್ನು ಒಳಗಿಟ್ಟು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತಾನೆ. ಅದನ್ನು ನೋಡಿಯೇ ತಮ್ಮ ಆ ಹೆಸರು ಇಟ್ಟದ್ದು. ತಮ್ಮ 2022ರಲ್ಲಿ ದುಬೈಗೆ ಕೆಲಸಕ್ಕೆ ಹೋದ, ಹಾವು ನನ್ನ ಕೈಗೆ ಬಂತು. ಮೊದಲು ಮುಟ್ಟಲಿಕ್ಕೇ ಭಯ ಇತ್ತು. ಈಗ ಅವನ ಒಂದೊಂದು ಉಸಿರನ್ನೂ ಲೆಕ್ಕ ಹಾಕುತ್ತಾ ಕೂತಿದ್ದೇನೆ.

ಇದು ಶುರುವಾದದ್ದು ಕಳೆದ ವರ್ಷ ಆಟಿ ತಿಂಗಳಲ್ಲಿ, ಜೋರು ಮಳೆಯ ಹೊತ್ತಿಗೆ. ರಾತ್ರಿ ಪೆಟ್ಟಿಗೆಯ ಹತ್ತಿರ ಹೋದರೆ ‘ಟಿಕ್, ಟಿಕ್’ ಅಂತ ಸಣ್ಣ ಸದ್ದು. ಎರಡು ದಿನ ಬಿಟ್ಟು ಮೂಗಿನ ತುದಿಯಲ್ಲಿ ಗುಳ್ಳೆ ಕಂಡಿತು. ಕಾಯಿಲೆ ಅಂತ ಮೊದಲು ಹೇಳಿದ್ದು ಅಪ್ಪ. ಅಪ್ಪನಿಗೆ ಮೂವತ್ತು ವರ್ಷದಿಂದ ಉಬ್ಬಸ. ಪೆಟ್ಟಿಗೆ ಎದುರು ಕುರ್ಚಿ ಹಾಕಿ ಸ್ವಲ್ಪ ಹೊತ್ತು ನೋಡಿದರು. ‘ಇವನಿಗೆ ದಮ್ಮು ಕಟ್ಟಿದೆ. ತಲೆ ಎತ್ತಿ ಹಿಡಿದದ್ದು ನೋಡು. ರಾತ್ರಿ ನಾನೂ ಹಾಗೇ ಕೂರುವುದಲ್ವಾ’ ಅಂದರು.

ಹತ್ತಿರದ ದನದ ಡಾಕ್ಟರು ಎನ್ರೋಫ್ಲಾಕ್ಸಸಿನ್ ಅನ್ನುವ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟರು. ಆರು ದಿನದಲ್ಲಿ ಸದ್ದು ನಿಂತಿತು, ನಾವೂ ನಿಲ್ಲಿಸಿದೆವು. ನವೆಂಬರ್‌ನಲ್ಲಿ ಮತ್ತೆ ಬಂತು. ಮತ್ತೆ ಅದೇ ಮದ್ದು, ಮತ್ತೆ ಗುಣ. ಚುಚ್ಚಿದ ಜಾಗದಲ್ಲಿ ಬೆನ್ನಿನ ಚರ್ಮ ಕಪ್ಪಾಗಿ ಗಟ್ಟಿಯಾಗಿದೆ. ಈಗ ಮೊನ್ನೆಯಿಂದ ಮೂರನೇ ಸಲ. ಈ ಸಲ ಬಾಯಿ ತೆರೆದು ಉಸಿರಾಡುತ್ತಿದ್ದಾನೆ. ತಿಂದು ಐದು ವಾರ ಆಯಿತು. ತೂಕ 1,420 ಗ್ರಾಂ ಇದ್ದದ್ದು 1,290ಕ್ಕೆ ಇಳಿದಿದೆ.

ಇವತ್ತು ಧೈರ್ಯ ಮಾಡಿ ಬಾಯಿ ತೆರೆದು ನೋಡಿದೆ. ತಮ್ಮ ವಿಡಿಯೋ ಕಾಲ್‌ನಲ್ಲಿ ಹೇಳಿಕೊಟ್ಟ. ಹಳೆಯ ಎಟಿಎಂ ಕಾರ್ಡ್ ತೊಳೆದು, ಅದರ ಅಂಚನ್ನು ತುಟಿಯ ಎದುರು ಮೆಲ್ಲ ಇಟ್ಟೆ. ಕೆಳದವಡೆಯ ಮಧ್ಯದಲ್ಲಿ ಉಸಿರಿನ ಕೊಳವೆಯ ಬಾಯಿ ಕಾಣುತ್ತದೆ, ಸಣ್ಣ ಸೀಳಿನ ಹಾಗೆ. ಅದು ತೆರೆದು ಮುಚ್ಚುವಾಗ ಗಂಜಿ ತೆಳಿಯಂಥ ನೀರು ಗುಳ್ಳೆಯಾಗಿ ಮೇಲೆ ಬರುತ್ತಿತ್ತು. ಮೇಲಿಂದ ಕೆಳಗೆ ಹಲಸಿನ ಮೇಣದ ಹಾಗೆ ಎಳೆ ಎಳೆ. ನೋಡಿ ಅಳು ಬಂತು.

ನಾಳೆ ಪುನಃ ಅದೇ ಮದ್ದು ಚುಚ್ಚಬೇಕಾ? ಅನುಭವ ಇದ್ದವರು ಹೇಳಿ.

ಕುಂಬಳೆ ಹುಡುಗ (12 ಜುಲೈ, ರಾತ್ರಿ 11.48)

ಅಕ್ಕಾ, ಓದಿ ಬೇಜಾರಾಯ್ತು. ನಮ್ಮಲ್ಲಿ ಶೀತ ಆದರೆ ನೀಲಗಿರಿ ಎಣ್ಣೆ ಹಾಕಿ ಆವಿ ಹಿಡಿಯುತ್ತೇವಲ್ವಾ. ಪೆಟ್ಟಿಗೆಯ ಹತ್ತಿರ ಸ್ವಲ್ಪ ಆವಿ ಕೊಟ್ಟು ನೋಡಬಹುದೇನೋ. ಕರ್ಪೂರ ಹಾಕಿದರೂ ಕಫ ಕರಗುತ್ತದೆ ಅಂತ ಅಜ್ಜಿ ಹೇಳುತ್ತಾರೆ.

ಹೊಸೂರು ಡಾಕ್ಟರ್ (13 ಜುಲೈ, ಬೆಳಗ್ಗೆ 6.15)

ನಾನು ಪಶುವೈದ್ಯ, ಹೊಸೂರಿನಲ್ಲಿ ಇದ್ದೇನೆ. ಕೋಳಿ, ಹಸುಗಳ ಜೊತೆ ಹಾವು, ಆಮೆಗಳನ್ನೂ ನೋಡುತ್ತೇನೆ.

ಮೊದಲು ಕುಂಬಳೆಯ ತಮ್ಮನಿಗೆ. ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ನೀಲಗಿರಿ ಎಣ್ಣೆ, ಕರ್ಪೂರ, ಎದೆಗೆ ಹಚ್ಚುವ ಮುಲಾಮು ಇವು ಯಾವುದೂ ಹಾವಿನ ಹತ್ತಿರ ಬೇಡ. ಮೊದಲೇ ಉರಿಯುತ್ತಿರುವ ಉಸಿರಿನ ದಾರಿ ಮತ್ತೂ ಉರಿಯುತ್ತದೆ. ಸೊಳ್ಳೆ ಬತ್ತಿ, ಊದುಬತ್ತಿ, ಧೂಪದ ಹೊಗೆಯೂ ಆ ಕೋಣೆಯಲ್ಲಿ ಬೇಡ.

ಅಕ್ಕಾ, ಇವತ್ತು ಚುಚ್ಚಬೇಡಿ. ಎರಡು ಸಲ ಮರುಕಳಿಸಿದ ಮೇಲೆ ಅದೇ ಮದ್ದನ್ನು ಕಣ್ಣು ಮುಚ್ಚಿ ಕೊಡುವುದು ಸರಿಯಲ್ಲ. ಆ ಇಂಜೆಕ್ಷನ್ ಚುಚ್ಚಿದ ಜಾಗದ ಮಾಂಸವನ್ನು ಸುಡುತ್ತದೆ. ಬೆನ್ನಿನ ಕಪ್ಪು ಕಲೆ ಅದರದ್ದೇ ಇರಬೇಕು.

ಹಾವಿಗೆ ಈ ಕಾಯಿಲೆ ಬಂದರೆ ಯಾಕೆ ಬಿಡುವುದಿಲ್ಲ ಅಂತ ತಿಳಿದುಕೊಳ್ಳಿ, ಆಮೇಲೆ ಎಲ್ಲ ಸುಲಭ. ನಮಗೆ ಎದೆ ಮತ್ತು ಹೊಟ್ಟೆಯ ನಡುವೆ ವಪೆ ಅನ್ನುವ ಸ್ನಾಯು ಇದೆ. ಹಾವಿಗೆ ಅದು ಇಲ್ಲ. ಪಕ್ಕೆಲುಬುಗಳ ನಡುವಿನ ಸ್ನಾಯುಗಳಿಂದಲೇ ಉಸಿರು ಎಳೆದು ಬಿಡುತ್ತದೆ. ಹಾಗಾಗಿ ನಮ್ಮಂತೆ ಜೋರಾಗಿ ಕೆಮ್ಮಿ ಕಫ ಹೊರಹಾಕಲು ಆಗುವುದಿಲ್ಲ. ಅದರ ಶ್ವಾಸಕೋಶ ಉದ್ದನೆಯ ಚೀಲ. ಮುಂದಿನ ಭಾಗ ಜೇನುಹಟ್ಟಿಯ ಹಾಗೆ, ಅಲ್ಲಿ ಗಾಳಿ ರಕ್ತಕ್ಕೆ ಸೇರುತ್ತದೆ. ಹಿಂದಿನದು ಬರೀ ಖಾಲಿ ಚೀಲ. ಕಫ ಅಲ್ಲಿ ಹೋಗಿ ನಿಲ್ಲುತ್ತದೆ. ಇನ್ನೊಂದು, ಹಾವಿನ ಕೀವು ನಮ್ಮದರಂತೆ ನೀರಾಗಿ ಹರಿಯುವುದಿಲ್ಲ, ಗಿಣ್ಣಿನ ಹಾಗೆ ಗಟ್ಟಿ. ಮದ್ದು ಅದರೊಳಗೆ ಇಳಿಯುವುದು ಕಷ್ಟ.

ಅಂದರೆ ನಿಮಗೆ ಸದ್ದು ಕೇಳುವ ಹೊತ್ತಿಗೆ ರೋಗ ಬಂದು ತುಂಬಾ ದಿನ ಆಗಿರುತ್ತದೆ. ಸದ್ದು ನಿಂತ ದಿನ ರೋಗ ಹೋಗಿರುವುದಿಲ್ಲ. ಆರನೇ ದಿನ ನಿಲ್ಲಿಸಿದ್ದೇ ತಪ್ಪಾಯಿತು. ವಾರಗಟ್ಟಲೆ ನಡೆಯಬೇಕಾದ ಚಿಕಿತ್ಸೆ ಇದು.

ಈಗ ನನ್ನ ಪ್ರಶ್ನೆ. ಪೆಟ್ಟಿಗೆಯ ಶಾಖ ಎಷ್ಟು? ಅದನ್ನು ಎಲ್ಲಿ ಅಳೆಯುತ್ತೀರಿ? ‘ಎಲ್ಲಿ’ ಅನ್ನುವುದಕ್ಕೆ ಸರಿಯಾಗಿ ಉತ್ತರ ಕೊಡಿ.

ಮುಳ್ಳೇರಿಯದ ಹಾವಿನಣ್ಣ (13 ಜುಲೈ, ಬೆಳಗ್ಗೆ 8.02)

ನಾನು ಹಾವು ಹಿಡಿದು ಅರಣ್ಯಕ್ಕೆ ಬಿಡುವ ಕೆಲಸ ಮಾಡುವವನು, ಇಲಾಖೆಯ ತರಬೇತಿ ಆಗಿದೆ. ಒಂದು ಮಾತು ಕೇಳಲೇಬೇಕು, ಬೇಸರ ಮಾಡಬೇಡಿ. ಇದು ನಮ್ಮ ಊರಿನ ಹೆಬ್ಬಾವು ಅಲ್ಲವಷ್ಟೆ? ನಮ್ಮ ಹೆಬ್ಬಾವು, ತುಳುವಿನ ಪೆರ್ಮರಿ, 1972ರ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿ, ಅಂದರೆ ಹೆಚ್ಚಿನ ರಕ್ಷಣೆಯ ಪಟ್ಟಿಯಲ್ಲಿ ಇದೆ. ಅದನ್ನು ಮನೆಯಲ್ಲಿ ಇಡುವುದು ಅಪರಾಧ, ಮರಿಯಾದರೂ ಸರಿ, ಗಾಯವಾಗಿದ್ದರೂ ಸರಿ. ಹೋದ ತಿಂಗಳು ತೋಟದ ಬಲೆಯಲ್ಲಿ ಸಿಕ್ಕಿದ್ದ ಒಂದನ್ನು ಮಕ್ಕಳು ಮೂರು ದಿನ ಡ್ರಮ್ಮಿನಲ್ಲಿ ಇಟ್ಟಿದ್ದರು. ನಾನು ಹೋಗುವಾಗ ಅದೂ ಹೀಗೇ ಬಾಯಿ ತೆರೆದು ಉಸಿರಾಡುತ್ತಿತ್ತು. ಇಂಥದ್ದು ಸಿಕ್ಕಿದರೆ ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪ್‌ನಲ್ಲಿ ತಿಳಿಸಿ, ಹತ್ತಿರದ ತರಬೇತಿಯಾದವರು ಬರುತ್ತಾರೆ.

ಬಾಲ್ ಪೈಥಾನ್ ಹೊರದೇಶದ್ದು ಅಂತ ಗೊತ್ತು. ಆದರೆ ನೋಂದಣಿ ಮಾಡಿದ್ದೀರಾ?

ಪೆರ್ಲದ ಅಕ್ಕ (13 ಜುಲೈ, ಬೆಳಗ್ಗೆ 9.30)

ಅಣ್ಣಾ, ಬೇಸರ ಇಲ್ಲ, ಕೇಳಿದ್ದು ಒಳ್ಳೆಯದಾಯಿತು. ಇವನು ಪಶ್ಚಿಮ ಆಫ್ರಿಕಾದ ಜಾತಿ. ಘಾನಾ, ಟೋಗೊ, ಬೆನಿನ್ ಕಡೆಯದ್ದು. 2022ರ ತಿದ್ದುಪಡಿಯಲ್ಲಿ ಇಂಥ ಪ್ರಾಣಿಗಳಿಗೆ ಬೇರೆ ಶೆಡ್ಯೂಲ್ ಬಂತಲ್ವಾ. ಆಮೇಲೆ 2024ರ ಫೆಬ್ರವರಿಯಲ್ಲಿ ನಿಯಮ ಬಂದಾಗ ತಮ್ಮ ರಜೆಯಲ್ಲಿ ಊರಿಗೆ ಬಂದಿದ್ದ. ಕೊಟ್ಟ ಆರು ತಿಂಗಳೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿದ್ದೇವೆ. ಕಾಗದ ಉಂಟು.

ಡಾಕ್ಟ್ರೇ, ಶಾಖದ ವಿಷಯ. ಪೆಟ್ಟಿಗೆಯ ಹಿಂದಿನ ಗಾಜಿಗೆ ಮೀಟರ್ ಅಂಟಿಸಿದ್ದೇವೆ, ಮೇಲ್ಗಡೆ. ಅದರಲ್ಲಿ ಯಾವಾಗ ನೋಡಿದರೂ 31 ತೋರಿಸುತ್ತದೆ. ಸೆರಾಮಿಕ್ ಹೀಟರ್ ತಾನೇ ಆನ್ ಆಫ್ ಮಾಡುವ ಥರ್ಮೋಸ್ಟಾಟ್‌ಗೆ ಸೇರಿದೆ, ಅದರ ಶಾಖ ಅಳೆಯುವ ವಯರಿನ ತುದಿಯೂ ಅಲ್ಲೇ ಮೇಲೆ. ಮಳೆಗಾಲ ಅಂತ ಬಿಸಿ ಹೊರಗೆ ಹೋಗದ ಹಾಗೆ ಗಾಳಿಯ ಕಿಂಡಿಗಳಿಗೆ ಟೇಪ್ ಹಾಕಿದ್ದೇನೆ. ಕೆಳಗೆ ಮರದ ಮಿಲ್ಲಿನ ಹುಡಿ.

ಹೊಸೂರು ಡಾಕ್ಟರ್ (13 ಜುಲೈ, ಬೆಳಗ್ಗೆ 10.10)

ಟೇಪ್ ಈಗಲೇ ತೆಗೆಯಿರಿ. ಹುಡಿಯನ್ನೂ ತೆಗೆಯಿರಿ, ಹಳೆಯ ಪೇಪರ್ ಹಾಸಿ. ಮೂಗಿನಿಂದ ಏನಾದರೂ ಸುರಿದರೆ ಪೇಪರ್ ಮೇಲೆ ಕಾಣುತ್ತದೆ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಮೀಟರನ್ನು ಗಾಜಿನಿಂದ ಕಿತ್ತು, ಗುಂಡ ತಲೆ ಇಡುವ ಜಾಗದಲ್ಲಿ ನೆಲಕ್ಕೆ ಇಡಿ. ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ನೋಡಿ ಬರೆಯಿರಿ.

ಅಕ್ಕಲಕೋಟೆ (13 ಜುಲೈ, ಮಧ್ಯಾಹ್ನ 1.25)

ನಮ್ಮದು ಸೊಲ್ಲಾಪುರ ಜಿಲ್ಲೆ. ನಿಮ್ಮದಕ್ಕೆ ಪೂರಾ ಉಲ್ಟಾ ಹವಾ. ಬೇಸಿಗೆಯಲ್ಲಿ 42, 43 ಡಿಗ್ರಿ, ಗಾಳಿ ಒಣಗಿ ಬರ್ ಅಂತಿರುತ್ತದೆ. ನನ್ನ ಹತ್ತಿರ ಒಂದು ಕಾರ್ನ್ ಸ್ನೇಕ್ ಇದೆ. ಎರಡು ವರ್ಷದ ಹಿಂದೆ ಅದೂ ಮೂಗಿನಿಂದ ಪೀಪಿ ಊದಿದ ಹಾಗೆ ಸದ್ದು ಮಾಡಲು ಶುರು ಮಾಡಿತು. ಭಾಳ ಹೆದರಿದ್ದೆ. ಒಂದು ಸಲ ಇಂಜೆಕ್ಷನ್ ಕೂಡ ಆಯಿತು.

ಆಮೇಲೆ ಗೊತ್ತಾಗಿದ್ದು, ಪೊರೆ ಸರಿಯಾಗಿ ಬಿಟ್ಟಿರಲಿಲ್ಲ. ಹಳೆಯ ಪೊರೆಯ ಸಣ್ಣ ಚೂರು ಮೂಗಿನ ತೂತಿನಲ್ಲೇ ಉಳಿದಿತ್ತು. ಏರ್ ಕೂಲರ್ ಗಾಳಿ ನೇರ ಪೆಟ್ಟಿಗೆಗೆ ಬಡಿಯುತ್ತಿತ್ತು, ಅದಕ್ಕೇ ಚರ್ಮ ಒಣಗಿತ್ತು. ಒದ್ದೆ ತೆಂಗಿನ ನಾರಿನ ಪುಡಿ ತುಂಬಿದ ಡಬ್ಬಿಯೊಂದನ್ನು ಪೆಟ್ಟಿಗೆಯಲ್ಲಿಟ್ಟೆ, ಹೋಗಿ ಬರಲು ಒಂದು ತೂತು. ಮುಂದಿನ ಪೊರೆ ಪೂರ್ತಿ ಬಂತು, ಸದ್ದೂ ಹೋಯಿತು. ಸದ್ದು ಬಂತು ಅಂದ ತಕ್ಷಣ ಮದ್ದು ಕೊಡಬಾರದು ಅಂತ ಹೇಳಲಿಕ್ಕೆ ಇದನ್ನು ಬರೆದೆ. ಆದರೆ ಅಕ್ಕಾ, ನಿಮ್ಮದು ಹಾಗಿಲ್ಲ. ಗುಳ್ಳೆ, ಎಳೆ, ಬಾಯಿ ತೆರೆಯುವುದು ಇದೆ ಅಂದರೆ ಅದು ನಿಜವಾದ ಸೋಂಕೇ. ತಡ ಮಾಡಬೇಡಿ.

ಪೆರ್ಲದ ಅಕ್ಕ (14 ಜುಲೈ, ಬೆಳಗ್ಗೆ 4.40)

ಡಾಕ್ಟ್ರೇ, 22.8.

ನಿನ್ನೆ ರಾತ್ರಿ ಎರಡು ಗಂಟೆಗೆ ಗಾಳಿ ಮಳೆಗೆ ಕರೆಂಟ್ ಹೋಗಿದೆ, ನಮಗೆ ಗೊತ್ತೇ ಆಗಲಿಲ್ಲ. ಮೂರೂವರೆಗೆ ಬಂದಿದೆ. ಗುಂಡ ಹಂಚಿನ ಚೂರಿನ ಅಡಿಯಲ್ಲಿ ಮುದುಡಿ ಮಲಗಿದ್ದ. ಮುಟ್ಟಿದರೆ ತಣ್ಣಗೆ. ಕರೆಂಟ್ ಬಂದ ಮೇಲೂ ಮೇಲಿನ ಗಾಜಿನ ಹತ್ತಿರ ಹತ್ತೇ ನಿಮಿಷದಲ್ಲಿ 31 ಆಯಿತು, ಹೀಟರ್ ಆಫ್ ಆಯಿತು. ಕೆಳಗೆ ಇನ್ನೂ 24 ಕೂಡ ಆಗಿರಲಿಲ್ಲ.

ಒಂದು ವರ್ಷದಿಂದ ನಾನು ಗಾಜಿನ ಶಾಖ ನೋಡಿಕೊಂಡು ಬಂದಿದ್ದೇನೆ. ಅವನು ಮಲಗಿದ್ದು ಮಾತ್ರ ಚಳಿಯಲ್ಲಿ.

ಹೊಸೂರು ಡಾಕ್ಟರ್ (14 ಜುಲೈ, ಬೆಳಗ್ಗೆ 6.30)

ನಿಮ್ಮನ್ನು ದೂರಿಕೊಳ್ಳಬೇಡಿ. ನನ್ನ ಹತ್ತಿರ ಬರುವ ಹಾವುಗಳಲ್ಲಿ ಇದೇ ತೊಂದರೆ ಜಾಸ್ತಿ ನೋಡಿದ್ದೇನೆ. ನಮ್ಮ ಹೊಸೂರಿನ ಡಿಸೆಂಬರ್ ಚಳಿಯಲ್ಲೂ ಇದೇ ಕತೆ.

ಹಾವಿನ ಮೈಗೆ ತನ್ನದೇ ಬಿಸಿ ಇಲ್ಲ. ಸುತ್ತಲಿನ ಶಾಖ ಇಳಿದರೆ ರೋಗ ತಡೆಯುವ ಶಕ್ತಿಯೂ ಇಳಿಯುತ್ತದೆ. ಕೊಟ್ಟ ಮದ್ದು ಸಹ ಮೈಯಲ್ಲಿ ಸರಿಯಾಗಿ ಹರಡುವುದಿಲ್ಲ. ಎರಡು ಸಲ ಮದ್ದು ಕೆಲಸ ಮಾಡಿಯೂ ರೋಗ ವಾಪಸ್ ಬಂದದ್ದಕ್ಕೆ ಇದು ದೊಡ್ಡ ಕಾರಣ. ಮಳೆಗಾಲದ ತೇವವನ್ನೇ ಎಲ್ಲರೂ ಬೈಯುತ್ತಾರೆ. ಆದರೆ ಬಾಲ್ ಪೈಥಾನ್‌ಗೆ ತೇವ ಬೇಕು. ತೇವ, ಚಳಿ, ನಿಂತ ಗಾಳಿ ಮೂರೂ ಸೇರಿದಾಗಲೇ ಕೆಡುವುದು. ನಿಮ್ಮ ಪೆಟ್ಟಿಗೆಯಲ್ಲಿ ಮೂರೂ ಸೇರಿದ್ದವು.

ಥರ್ಮೋಸ್ಟಾಟ್ ತುದಿಯನ್ನು ಹಾವಿನ ಎತ್ತರಕ್ಕೆ ಇಳಿಸಿ. ಬಿಸಿ ಬದಿ 32, ತಂಪು ಬದಿ 27. ಕಾಯಿಲೆ ವಾಸಿಯಾಗುವವರೆಗೆ ರಾತ್ರಿಯೂ ಇಳಿಸಬೇಡಿ. ಹೀಟರ್‌ಗೆ ಕಬ್ಬಿಣದ ಜಾಲರಿ ಹಾಕಿ, ಸುತ್ತಿಕೊಂಡರೆ ಸುಟ್ಟುಕೊಳ್ಳುತ್ತದೆ. ಆಹಾರ ಈಗ ಬೇಡ, ನೀರು ಇರಲಿ.

ಶಾಖ ಸರಿ ಮಾಡಿದರೆ ಸಾಕು ಅಂತಲ್ಲ. ಮೂರನೇ ಸಲ ಬಂದಿರುವ ರೋಗ. ಮಂಗಳೂರಿನಲ್ಲಿ ಹಾವು, ಹಕ್ಕಿ ನೋಡುವ ಡಾಕ್ಟರ್ ಸಿಗುತ್ತಾರಾ ವಿಚಾರಿಸಿ. ಎಕ್ಸ್‌ರೇ ಮಾಡಿಸಿ, ಶ್ವಾಸನಾಳ ತೊಳೆದ ನೀರಿನ ಕಲ್ಚರ್ ಮಾಡಿಸಿ. ಯಾವ ಬ್ಯಾಕ್ಟೀರಿಯಾ, ಯಾವ ಮದ್ದಿಗೆ ಅದು ಸಾಯುತ್ತದೆ ಅಂತ ವರದಿಯಲ್ಲಿ ಬರುತ್ತದೆ.

ಮಂಜೇಶ್ವರದ ಟೀಚರ್ (14 ಜುಲೈ, ಸಂಜೆ 5.50)

ನನ್ನ ಮಾತು ಸ್ವಲ್ಪ ಬೇರೆ. ನಮ್ಮ ಮನೆಯಲ್ಲೂ ಒಂದು ಬಾಲ್ ಪೈಥಾನ್ ಇತ್ತು, ಮಗಳದ್ದು. 2023ರಲ್ಲಿ ತೀರಿಕೊಂಡಿತು. ಅದಕ್ಕೂ ಹೀಗೇ ಬಿಟ್ಟು ಬಿಟ್ಟು ಬರುತ್ತಿತ್ತು. ಕಲ್ಚರ್ ಆಯಿತು, ಸರಿಯಾದ ಮದ್ದೂ ಆಯಿತು, ಶಾಖವೂ ಸರಿ ಇತ್ತು. ಆದರೂ ಉಳಿಯಲಿಲ್ಲ. ಕೊನೆಗೆ ಡಾಕ್ಟರು ಇದರ ಅಡಿಯಲ್ಲಿ ವೈರಸ್ ಇರಬಹುದು ಅಂದರು. ಆಗ ತಡವಾಗಿತ್ತು.

ನಿಮ್ಮನ್ನು ಹೆದರಿಸಲಿಕ್ಕೆ ಅಲ್ಲ ಅಕ್ಕಾ. ಮನೆಯಲ್ಲಿ ಬೇರೆ ಹಾವು ಇದ್ದರೆ ಇವತ್ತೇ ಬೇರೆ ಕೋಣೆಗೆ ಇಡಿ. ನಾವು ಇಡಲಿಲ್ಲ. ಎರಡನೆಯದೂ ಹೋಯಿತು. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿ ಇದೆ.

ಮಡಕಶಿರಾ (14 ಜುಲೈ, ರಾತ್ರಿ 9.05)

ಟೀಚರ್, ನಿಮ್ಮ ದುಃಖ ಅರ್ಥವಾಗುತ್ತದೆ. ಡಾಕ್ಟ್ರೇ, ಆ ವೈರಸ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೀರಾ? ನನ್ನ ಹತ್ತಿರ ಎರಡು ಇವೆ, ಎರಡೂ ಹುಷಾರಾಗಿವೆ. ಮೂರನೆಯದು ತರುವ ಯೋಚನೆ ಇತ್ತು.

ಹೊಸೂರು ಡಾಕ್ಟರ್ (15 ಜುಲೈ, ಬೆಳಗ್ಗೆ 6.40)

ಅದರ ಹೆಸರು ಸರ್ಪೆಂಟೊವೈರಸ್. ಮೊದಲು ನಿಡೊವೈರಸ್ ಅನ್ನುತ್ತಿದ್ದರು, ಈಗಲೂ ಸಾಕುವವರ ಬಾಯಲ್ಲಿ ‘ನಿಡೊ’ ಅಂತಲೇ ಇದೆ. 2014ರಲ್ಲಿ ಉಸಿರಾಟದ ರೋಗದಿಂದ ಸತ್ತ ಬಾಲ್ ಪೈಥಾನ್‌ಗಳಲ್ಲಿ ಇದು ಪತ್ತೆಯಾಯಿತು. ಹೆಬ್ಬಾವಿನ ಜಾತಿಗಳಿಗೆ ಇದರ ಕಾಟ ಜಾಸ್ತಿ. ವೈರಸ್ ಉಸಿರಿನ ದಾರಿಯ ಒಳಪದರವನ್ನು ಹಾಳು ಮಾಡುತ್ತದೆ, ಹಿಂದೆಯೇ ಬ್ಯಾಕ್ಟೀರಿಯಾ ನುಗ್ಗುತ್ತದೆ. ಆ್ಯಂಟಿಬಯಾಟಿಕ್ ಕೊಟ್ಟರೆ ಹಿಂದೆ ಬಂದದ್ದು ಸಾಯುತ್ತದೆ, ಮುಂದೆ ಹೋದದ್ದು ಹಾಗೇ ಇರುತ್ತದೆ. ಅದಕ್ಕೇ ಮರುಕಳಿಸುವುದು. ಈ ವೈರಸ್ಸನ್ನೇ ಕೊಲ್ಲುವ ಮದ್ದು ಇಲ್ಲ.

ಬಾಯಿ ಮತ್ತು ಗಂಟಲಿನ ಸ್ವಾಬ್ ತೆಗೆದು ಪಿಸಿಆರ್ ಮಾಡಿ ನೋಡುತ್ತಾರೆ. ಒಂದು ಸಲ ನೆಗೆಟಿವ್ ಬಂದರೆ ಪೂರ್ತಿ ನಂಬಬಾರದು, ಮತ್ತೊಮ್ಮೆ ಮಾಡಿಸಬೇಕು. ಕೆಲವು ಹಾವುಗಳು ವೈರಸ್ ಇದ್ದೂ ಹೊರಗೆ ಏನೂ ತೋರಿಸದೆ ತುಂಬಾ ಕಾಲ ಬದುಕುತ್ತವೆ. ಅವುಗಳಿಂದ ಬೇರೆಯವಕ್ಕೆ ಹರಡುತ್ತದೆ.

ಮಡಕಶಿರಾದವರೇ, ಹಾಗಾಗಿ ಹೊಸದು ತಂದರೆ ಕನಿಷ್ಠ 90 ದಿನ ಬೇರೆ ಕೋಣೆ. ಕೈ, ಇಕ್ಕಳ, ನೀರಿನ ಬಟ್ಟಲು ಎಲ್ಲ ಬೇರೆ. ಯಾವಾಗಲೂ ಹುಷಾರಾಗಿರುವ ಹಾವನ್ನು ಮೊದಲು ನೋಡಿ, ಹೊಸದನ್ನು ಕೊನೆಗೆ. ಹೇನಿನಂಥ ಕಪ್ಪು ಮೈಟ್‌ಗಳು ನೀರಿನ ಬಟ್ಟಲಲ್ಲಿ ತೇಲುತ್ತಿವೆಯಾ ಅಂತಲೂ ನೋಡಿ, ಅವೂ ರೋಗ ಹೊರುತ್ತವೆ.

ಪೆರ್ಲದ ಅಕ್ಕ (24 ಜುಲೈ, ರಾತ್ರಿ 10.15)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಕಳೆದ ವಾರ ಮಂಗಳೂರಿಗೆ ಹೋಗಿ ಬಂದೆವು. ಬಟ್ಟೆಯ ಚೀಲದಲ್ಲಿ ಗುಂಡ, ಚೀಲ ಥರ್ಮೋಕೋಲ್ ಪೆಟ್ಟಿಗೆಯೊಳಗೆ, ಪಕ್ಕದಲ್ಲಿ ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿ. ಅಪ್ಪ ಬೇಡ ಅಂದರೂ ಕೇಳದೆ ಕಾರಿನಲ್ಲಿ ಕೂತರು. ತಲಪಾಡಿ ದಾಟುವವರೆಗೂ ಪೆಟ್ಟಿಗೆ ಅವರ ಮಡಿಲಲ್ಲೇ ಇತ್ತು.

ಡಾಕ್ಟರು ತುಂಬಾ ನಿಧಾನದವರು. ಸ್ವಲ್ಪ ಮಂಪರು ಕೊಟ್ಟು, ಆ ಸಣ್ಣ ಸೀಳಿನೊಳಗೆ ಬೀಸಣಿಗೆ ಕಡ್ಡಿಗಿಂತ ತೆಳು ನಳಿಗೆ ಇಳಿಸಿದರು. ಸಲೈನ್ ಬಿಟ್ಟು, ಹಾವನ್ನು ಮೆಲ್ಲ ಆಚೆ ಈಚೆ ಹೊರಳಿಸಿ, ವಾಪಸ್ ಎಳೆದರು. ಸಿರಿಂಜಿನಲ್ಲಿ ಬಂದದ್ದು ಮೋಡದಂತೆ ಬಿಳಿ, ಒಳಗೆ ಮೊಸರಿನ ಚೂರು. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಹಿಂಬದಿ ಮಂಜು ಕವಿದ ಹಾಗೆ ಇತ್ತು.

ಐದನೇ ದಿನ ವರದಿ ಬಂತು. ಸ್ಯೂಡೋಮೊನಾಸ್ ಅನ್ನುವ ಬ್ಯಾಕ್ಟೀರಿಯಾ. ನಾವು ಎರಡು ಸಲ ಕೊಟ್ಟ ಮದ್ದಿಗೆ ಅದು ಬಗ್ಗುವುದಿಲ್ಲ ಅಂತ ಬರೆದಿತ್ತು. ಮೂರನೇ ಸಲವೂ ಅದನ್ನೇ ಚುಚ್ಚಿದ್ದರೆ ಅಂತ ಯೋಚಿಸಿದರೆ ಈಗಲೂ ಮೈ ನಡುಗುತ್ತದೆ. ವೈರಸ್ ಪರೀಕ್ಷೆಗೆ ಸ್ವಾಬ್ ಕಳಿಸಿದ್ದಾರೆ.

ಈಗ ಸೆಫ್ಟಾಜಿಡಿಮ್ ಅನ್ನುವ ಬೇರೆ ಆ್ಯಂಟಿಬಯಾಟಿಕ್ ಶುರುವಾಗಿದೆ. ಮೂರು ದಿನಕ್ಕೊಂದು ಇಂಜೆಕ್ಷನ್, ಒಟ್ಟು ಹತ್ತು. ಒಂದು ಬಾಟಲಿಯನ್ನು ಕರಗಿಸಿ ತೂಕಕ್ಕೆ ಸರಿಯಾಗಿ ಸಣ್ಣ ಸಿರಿಂಜುಗಳಲ್ಲಿ ತುಂಬಿ ಡಾಕ್ಟರೇ ಕೊಟ್ಟರು. ಫ್ರೀಜರಿನಲ್ಲಿ ಇಡಬೇಕು, ಒಮ್ಮೆ ಕರಗಿದ್ದನ್ನು ಪುನಃ ಗಟ್ಟಿ ಮಾಡಬಾರದು. ಊರಿಗೆ ತಂದದ್ದು ಮೀನಿನವರ ಹತ್ತಿರ ಕೇಳಿ ತೆಗೆದುಕೊಂಡ ಪೆಟ್ಟಿಗೆಯಲ್ಲಿ, ಐಸ್ ತುಂಬಿಸಿ. ಮೈಯ ಮುಂದಿನ ಭಾಗದಲ್ಲಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಚುಚ್ಚಲು ಕಲಿಸಿದ್ದಾರೆ. ಹಿಂಭಾಗದಲ್ಲಿ ಚುಚ್ಚಿದರೆ ಮದ್ದು ಮೈಗೆ ಹರಡುವ ಮೊದಲೇ ಮೂತ್ರಪಿಂಡಕ್ಕೆ ಹೋಗುತ್ತದಂತೆ. ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಯ ಪಕ್ಕದಲ್ಲಿ ಗುಂಡನ ಇಂಜೆಕ್ಷನ್ ದಿನಕ್ಕೂ ಕೆಂಪು ಗುರುತು ಹಾಕಿದ್ದೇನೆ.

ಜೊತೆಗೆ ದಿನಕ್ಕೆ ಎರಡು ಹೊತ್ತು ನೆಬ್ಯುಲೈಸರ್, ಮದ್ದನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ಯಂತ್ರ. ಮುಚ್ಚಳಕ್ಕೆ ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅವನನ್ನಿಟ್ಟು ಇಪ್ಪತ್ತು ನಿಮಿಷ. ಅಪ್ಪ ತಮ್ಮದೇ ಯಂತ್ರ ಕೊಡಲು ಬಂದರು. ಬೇಡ ಅಂದು ಬೇರೆ ತಂದೆ, ಹಾವಿನ ಮೈಯ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಅಪ್ಪನಿಗೆ ತಾಗಿದರೆ ಕಷ್ಟ. ಈಗ ಬೆಳಗ್ಗೆ ಏಳಕ್ಕೆ ಚಾವಡಿಯಲ್ಲಿ ಎರಡು ಯಂತ್ರಗಳ ಸದ್ದು. ಒಂದು ಬದಿ ಅಪ್ಪ, ಒಂದು ಬದಿ ಗುಂಡ.

ಕುಂಬಳೆ ಹುಡುಗ (24 ಜುಲೈ, ರಾತ್ರಿ 10.40)

ಅಕ್ಕಾ, ಓದಿ ಸಮಾಧಾನ ಆಯ್ತು. ಕರೆಂಟ್ ಹೋದರೆ ಏನು ಮಾಡುತ್ತಿದ್ದೀರಿ? ನಮ್ಮಲ್ಲಿ ನಿನ್ನೆ ಐದು ಗಂಟೆ ಇರಲಿಲ್ಲ.

ಪೆರ್ಲದ ಅಕ್ಕ (24 ಜುಲೈ, ರಾತ್ರಿ 11.05)

ಇನ್ವರ್ಟರ್‌ನಿಂದ ಒಂದು ಲೈನ್ ಪೆಟ್ಟಿಗೆಗೆ ಎಳೆಸಿದೆವು. ಅದು ಮೂರು ಗಂಟೆ ಬರುತ್ತದೆ. ಅದಕ್ಕೂ ಮೀರಿದರೆ ಬಾಟಲಿಗಳಿಗೆ ಬಿಸಿನೀರು ತುಂಬಿಸಿ, ಬಟ್ಟೆ ಸುತ್ತಿ ಪೆಟ್ಟಿಗೆಯ ಮೂಲೆಗೆ. ಹೊರಗಿನಿಂದ ಕಂಬಳಿ, ಕಿಂಡಿ ಮುಚ್ಚದ ಹಾಗೆ. ಬಚ್ಚಲೊಲೆಯಲ್ಲಿ ರಾತ್ರಿಯೂ ಕೆಂಡ ಇರುತ್ತದೆ, ಬಿಸಿನೀರಿಗೆ ತೊಂದರೆ ಇಲ್ಲ. ಒಲೆಯ ಹೊಗೆ ಬರುವ ಬದಿಯಿಂದ ಪೆಟ್ಟಿಗೆಯನ್ನು ತಮ್ಮನ ಕೋಣೆಗೆ ಸಾಗಿಸಿದ್ದೇವೆ. ತೋಟಕ್ಕೆ ಬೋರ್ಡೋ ಮದ್ದು ಬಿಡುವ ದಿನ ಆ ಕೋಣೆಯ ಕಿಟಕಿಯನ್ನೂ ಮುಚ್ಚುತ್ತೇನೆ.

ಮುಳ್ಳೇರಿಯದ ಹಾವಿನಣ್ಣ (25 ಜುಲೈ, ಬೆಳಗ್ಗೆ 7.20)

ಮನೆಯವರು ಏನು ಹೇಳುತ್ತಾರೆ ತಂಗೀ? ನಮ್ಮ ಕಡೆ ಹಾವಿನ ವಿಷಯ ಅಂದರೆ ಸುಮ್ನೆ ಅಲ್ಲ.

ಪೆರ್ಲದ ಅಕ್ಕ (25 ಜುಲೈ, ಮಧ್ಯಾಹ್ನ 2.10)

ಅಣ್ಣಾ, ಅಮ್ಮನಿಗೆ ಮೊದಲಿನಿಂದ ತಳಮಳ ಇತ್ತು. ಪೆಟ್ಟಿಗೆಯಲ್ಲಿ ಹಾವು ಇಟ್ಟು ನಾಗಬನಕ್ಕೆ ತಂಬಿಲದ ಪೂಜೆ ಕೊಡಲು ಹೇಗೆ ಹೋಗುವುದು ಅಂತ. ಅದು ಅವರ ಮನಸ್ಸಿನ ನಿಜವಾದ ಪ್ರಶ್ನೆ, ನಾನು ವಾದ ಮಾಡಲಿಲ್ಲ. ಗುಂಡ ಬಾಯಿ ತೆರೆದು ಒದ್ದಾಡುವುದನ್ನು ನೋಡಿದ ದಿನ ಅಮ್ಮನೇ ಬಿಸಿನೀರಿನ ಬಾಟಲಿ ತಂದಿಟ್ಟರು. ಬರುವ 29ಕ್ಕೆ ನಾಗರಪಂಚಮಿ. ಬನಕ್ಕೆ ಹೋಗುವಾಗ ಇವನ ಹೆಸರಲ್ಲೂ ಹಾಲು ಸೀಯಾಳ ಕೊಡಬೇಕು ಅಂತ ಅವರೇ ಹೇಳಿದ್ದಾರೆ.

ಪೆರ್ಲದ ಅಕ್ಕ (2 ಸೆಪ್ಟೆಂಬರ್, ರಾತ್ರಿ 9.30)

ಹತ್ತೂ ಇಂಜೆಕ್ಷನ್ ಮುಗಿದವು. ನಾಲ್ಕನೆಯದರ ಹೊತ್ತಿಗೇ ಸದ್ದು ನಿಂತಿತ್ತು. ಇಲ್ಲಿ ಓದಿರದಿದ್ದರೆ ನಾನು ಅಲ್ಲಿಗೇ ಬಿಡುತ್ತಿದ್ದೆನೋ ಏನೋ. ವೈರಸ್ ಪರೀಕ್ಷೆ ನೆಗೆಟಿವ್, ಇನ್ನೊಮ್ಮೆ ಮಾಡಿಸಲು ಹೇಳಿದ್ದಾರೆ. ಸಣ್ಣ ಇಲಿಯೊಂದನ್ನು ಕೊಟ್ಟೆ. ಮೂರು ಸಲ ಮೂಸಿ ನೋಡಿ ತಿಂದ. ನುಂಗುವಾಗ ಆ ಉಸಿರಿನ ಕೊಳವೆಯ ಬಾಯಿ ಒಂದು ಬದಿಗೆ ಚಾಚಿಕೊಂಡು ಬರುತ್ತದೆ, ಬಾಯಿ ತುಂಬಿದ್ದರೂ ಉಸಿರಾಡಲಿಕ್ಕೆ. ಮೊದಲು ಇದನ್ನು ಗಮನಿಸಿಯೇ ಇರಲಿಲ್ಲ. ಅವತ್ತು ಒಂದು ಗುಳ್ಳೆಯೂ ಇರಲಿಲ್ಲ.

ಅಕ್ಕಲಕೋಟೆ (2 ಸೆಪ್ಟೆಂಬರ್, ರಾತ್ರಿ 9.50)

ಭಾಳ ಛಲೋ ಸುದ್ದಿ ಅಕ್ಕಾ.

ಮಂಜೇಶ್ವರದ ಟೀಚರ್ (3 ಸೆಪ್ಟೆಂಬರ್, ಬೆಳಗ್ಗೆ 6.00)

ಮಗಳಿಗೂ ಓದಿ ಹೇಳಿದೆ. ತುಂಬಾ ಖುಷಿಪಟ್ಟಳು.

ಪೆರ್ಲದ ಅಕ್ಕ (14 ಡಿಸೆಂಬರ್, ಸಂಜೆ 6.45)

ಕೇಳಿದವರಿಗೆಲ್ಲ ಒಟ್ಟಿಗೆ ಬರೆಯುತ್ತಿದ್ದೇನೆ. ಎರಡನೇ ವೈರಸ್ ಪರೀಕ್ಷೆಯೂ ನೆಗೆಟಿವ್. ಎಕ್ಸ್‌ರೇಯಲ್ಲಿ ಹಿಂಬದಿಯ ಮಂಜು ಮುಕ್ಕಾಲು ಪಾಲು ಹೋಗಿದೆ, ಉಳಿದದ್ದು ಗಾಯದ ಗುರುತಿನ ಹಾಗೆ ಉಳಿಯಬಹುದು ಅಂದರು ಡಾಕ್ಟರು. ಅಷ್ಟು ಶ್ವಾಸಕೋಶ ಅವನಿಗೆ ಇನ್ನು ಸಿಗುವುದಿಲ್ಲ. ಇನ್ನೊಂದು ಮಳೆಗಾಲ ದಾಟುವವರೆಗೆ ಗುಣವಾಯಿತು ಅಂತ ಹೇಳುವ ಹಾಗಿಲ್ಲ. ನವೆಂಬರ್‌ನಲ್ಲಿ ಎರಡು ರಾತ್ರಿ ಸಣ್ಣ ಸದ್ದು ಬಂದು ನನ್ನ ಕೈಕಾಲು ತಣ್ಣಗಾಯಿತು. ಬಾಯಿ ತೆರೆದು ನೋಡಿದೆ, ಒಣಗಿಯೇ ಇತ್ತು. ಕಣ್ಣು ಹಾಲಿನಂತೆ ಮಸುಕಾಗಿತ್ತು, ಪೊರೆ ಬಿಡುವ ಹೊತ್ತು. ಅಕ್ಕಲಕೋಟೆಯವರ ಮಾತು ನೆನಪಾಯಿತು. ಆರನೇ ದಿನ ಪೊರೆ ಬಂತು, ಕಣ್ಣಿನ ಮುಚ್ಚಳ, ಮೂಗಿನ ತೂತು ಎಲ್ಲ ಸೇರಿ ಒಂದೇ ತುಂಡು. ಸದ್ದೂ ಅದರ ಜೊತೆ ಹೋಯಿತು. ಮೊನ್ನೆ ತೂಕ 1,395.

ವಾರಕ್ಕೊಮ್ಮೆ ತೂಕ, ತಿಂಗಳಿಗೊಮ್ಮೆ ಬಾಯಿ, ಪ್ರತಿ ದಿನ ಬೆಳಗಿನ ಜಾವದ ಶಾಖ. ಒಂದು ನೋಟ್‌ಬುಕ್ ಇಟ್ಟಿದ್ದೇವೆ. ನಾಲ್ಕು ಗಂಟೆಯ ಕೆಲಸ ಈಗ ಅಪ್ಪನದ್ದು. ಉಬ್ಬಸದಿಂದ ಆ ಹೊತ್ತಿಗೆ ಹೇಗೂ ಎಚ್ಚರ ಆಗುತ್ತದೆ, ನೀನು ಮಲಗು ಅಂದರು. ಟಾರ್ಚ್ ಹಿಡಿದು ಹೋಗಿ, ಸ್ವಲ್ಪ ಹೊತ್ತು ಕಿವಿ ಕೊಟ್ಟು ಕೂತು, ಬರೆದು ಬರುತ್ತಾರೆ. ಇವತ್ತು ಅವರು ಬರೆದದ್ದು ಇಷ್ಟು: ‘4.10. ಶಾಖ 27.2. ಸದ್ದು ಇಲ್ಲ. ನನಗೂ ಇಲ್ಲ.’